ಶಮಶಾದ್ ಅಳಿಸಲು ಬಿಡಲಿಲ್ಲ

"ಕೈ ಹಚ್ಚಬ್ಯಾಡ್ರಿ! ಮೂರು ವರ್ಷ ಕುಂತು ಒಂದೊಂದೇ ಪುಸ್ತಕ ಏರ್ಸೀನಿ, ಅಳಸಾಕ ಬಿಡಂಗಿಲ್ಲ," ಎನ್ನುತ್ತ ಶಮಶಾದ್ ಬೇಗಂ ಕಂಪ್ಯೂಟರಿಗೆ ಅಡ್ಡ ನಿಂತುಬಿಟ್ಟರು.

ಜೇವರ್ಗಿಯ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವರು ಸಹಾಯಕಿ, ನಾನು ಗ್ರಂಥಪಾಲಕ. ಬೆಳಿಗ್ಗೆಯಿಂದ ಪುಸ್ತಕಗಳ ಪಟ್ಟಿ ಇರುವ ತಂತ್ರಾಂಶ ತೆರೆಯುತ್ತಿರಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೆಂದು ರಿಪೇರಿಯವನು ಹೇಳಿದ್ದ. ಪಟ್ಟಿಯ ಪ್ರತಿ ಬೇರೆಲ್ಲೂ ಇರಲಿಲ್ಲ. ಆದರೂ ನಾನು ಒಪ್ಪಿ ತಲೆಯಾಡಿಸಿದ್ದೆ.

"ಅಕ್ಕಾರೇ, ಇದೆಲ್ಲ ನಿಮಗ ತಿಳಿಯಂಗಿಲ್ರಿ," ಎಂದು ಅವನು ನಕ್ಕ.

ಶಮಶಾದ್ ಕಂಪ್ಯೂಟರಿನ ಮುಂದೆ ಕುಳಿತರು. ಪೋರ್ಟ್ 8080 ಈಗಾಗಲೇ ಬಳಕೆಯಲ್ಲಿದೆ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಅದರ ಅರ್ಥವನ್ನು ಮೊಬೈಲಿನಲ್ಲಿ ಹುಡುಕಿದರು: ಪೋರ್ಟ್ ಎಂದರೆ ತಂತ್ರಾಂಶದ ಸಂಪರ್ಕಕ್ಕೆ ಬೇಕಾದ ಬಾಗಿಲಿನಂಥದ್ದು, ಅದನ್ನು ಬೇರೊಂದು ತಂತ್ರಾಂಶ ಹಿಡಿದಿದೆ. ಅಲ್ಲಿದ್ದಂತೆ ಒಂದೊಂದೇ ಅಕ್ಷರ ಟೈಪ್ ಮಾಡಿ, ಆ ಪೋರ್ಟನ್ನು ಹಿಡಿದು ಕೂತಿದ್ದು ಯಾವುದೆಂದು ಪತ್ತೆಹಚ್ಚಿದರು. ಹಿಂದಿನ ದಿನ ಅದೇ ರಿಪೇರಿಯವನು ಹಾಕಿಹೋಗಿದ್ದ ಕ್ಯಾಮೆರಾ ತಂತ್ರಾಂಶ! ಅದಕ್ಕೆ ಬೇರೆ ಪೋರ್ಟ್ ಸಂಖ್ಯೆ ಕೊಟ್ಟು ಕಂಪ್ಯೂಟರನ್ನು ಮತ್ತೆ ಶುರು ಮಾಡಿದಾಗ ಪುಸ್ತಕಗಳ ಪಟ್ಟಿ ಪೂರ್ತಿ ಮೂಡಿತು.

"ಈಗ ಯಾರಿಗ ತಿಳೀಲಿಲ್ಲ, ಹೇಳ್ರಿ?" ಎಂದರು. ಅವನು ಚೀಲ ಎತ್ತಿಕೊಂಡು ಹೊರಟ.

ಆ ಪ್ರಶ್ನೆ ನನಗೂ ತಾಗಿತು. ಅವರ ಮೂರು ವರ್ಷದ ದುಡಿಮೆ ಅಳಿಸಲು ಒಪ್ಪುವ ಮೊದಲು ಅವರನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.