ಗುಡುಗಾಸುರನ ಮಗ

ಉಳವಪ್ಪ ಮಾಸ್ತರರ ಬಗ್ಗೆ ನಮ್ಮ ಕಡೆಯ ಜನ ಎರಡು ಮಾತು ಆಡುತ್ತಾರೆ. ಸರಕಾರದ ಕಂಪ್ಯೂಟರಿನಲ್ಲಿ ಆಟ ಮಾಡಿಟ್ಟು ಮಕ್ಕಳನ್ನು ಕೆಡಿಸಿದರು ಎನ್ನುವುದು ಒಂದು. ತಂದೆ ಹಾಸಿಗೆ ಹಿಡಿದಿದ್ದಾಗ ಆ ಪೆಟ್ಟಿಗೆಯ ಮುಂದೆ ಕೂತು ಕಾಲ ಕಳೆದರು ಎನ್ನುವುದು ಇನ್ನೊಂದು. ಎರಡು ಮಾತು ಕೇಳಿದಾಗಲೂ ನನಗೆ ಮೈ ಉರಿಯುತ್ತದೆ. ಅವರು ಆ ಆಟ ಕಟ್ಟಿದ್ದೇ ತಂದೆಗೋಸ್ಕರ. ಮಕ್ಕಳು ನಡುವೆ ಬಂದು ಸೇರಿಕೊಂಡರು, ಅಷ್ಟೇ. ಕಂಪ್ಯೂಟರ್ ಇಟ್ಟಿದ್ದ ಕೋಣೆಯ ಇನ್ನೊಂದು ಕೀಲಿ ನನ್ನ ಹತ್ತಿರ ಇತ್ತು. ಹಾಗಾಗಿ ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು.

ನಾನು ಸವಣೂರಿನವಳು, ಹಿಂದಿ ಕಲಿಸುತ್ತಿದ್ದೆ, ಶಾಲೆಯಲ್ಲಿ ಎಲ್ಲರಿಗೂ ‘ಬಾಯಾರು’. ಅವರು ಚಿಕ್ಕೇರೂರಿನ ಒಕ್ಕಲುತನದ ಮನೆಯವರು, ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಶಾಲೆ ಚಿಕ್ಕೇರೂರಿನಿಂದ ಹಂಸಭಾವಿಗೆ ಹೋಗುವ ದಾರಿಯಲ್ಲಿತ್ತು. ಎಂಬತ್ತಾರರಲ್ಲಿ ಸರಕಾರ ಕೆಲವು ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಮಳೆ ಬಂದರೆ ಏಳನೆಯ ವರ್ಗದ ಮಕ್ಕಳನ್ನು ಎಂಟನೆಯದರಲ್ಲಿ ತುಂಬಬೇಕಾಗಿದ್ದ ನಮ್ಮ ಶಾಲೆಗೆ ಅದು ಯಾಕೆ ಬಂತೋ ದೇವರಿಗೇ ಗೊತ್ತು. ತರಬೇತಿಗೆ ಇಬ್ಬರು ಹೋಗಬೇಕು ಎಂದಾಗ ಉಳಿದವರೆಲ್ಲ ಒಂದೊಂದು ನೆಪ ಹೇಳಿದರು. ಹೆಡ್ ಮಾಸ್ತರ ಖಾದರಸಾಬರು ನಮ್ಮಿಬ್ಬರ ಹೆಸರು ಬರೆದು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ನಾನು ಕಲಿತದ್ದು ಪೆಟ್ಟಿಗೆ ಹಚ್ಚುವುದು ಮತ್ತು ಆರಿಸುವುದು. ಮಾಸ್ತರರು ಅದರ ಹೊಟ್ಟೆಯೊಳಗೇ ಇಳಿದುಬಿಟ್ಟರು.

ಪೆಟ್ಟಿಗೆಗೆ ಒಂದು ಕೋಣೆ ಕೊಟ್ಟೆವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದೆವು. ಆದರೆ ಅದಕ್ಕೆ ಬರುತ್ತಿದ್ದುದು ಇಂಗ್ಲಿಷ್ ಒಂದೇ, ನಮ್ಮ ಮಕ್ಕಳಿಗೆ ಬಾರದ್ದೂ ಅದೊಂದೇ. ಮಾಸ್ತರರು ಚೌಕುಳಿ ಹಾಳೆಯ ಮೇಲೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಇಟ್ಟು, ಒಂದೊಂದೇ ಕನ್ನಡ ಅಕ್ಷರವನ್ನು ಅದಕ್ಕೆ ಕಲಿಸಿದರು. ಕೀಲಿಮಣೆಯ ಗುಂಡಿಗಳ ಮೇಲೆ ಕಾಗದದ ಚೂರು ಅಂಟಿಸಿ ಅಕ್ಷರ ಬರೆದರು. ಒತ್ತಕ್ಷರಕ್ಕೆ ಅದರಲ್ಲಿ ಜಾಗ ಸಾಲಲಿಲ್ಲ. ಎಲ್ಲ ಒತ್ತು ಬಿಟ್ಟು ಒಂದನ್ನು ಮಾತ್ರ ಉಳಿಸಿಕೊಂಡರು, ಲಕಾರಕ್ಕೆ ಲಕಾರದ ಒತ್ತು. ಅದೊಂದೇ ಯಾಕೆ ಎಂದು ಕೇಳಿದೆ. ‘ಇಲ್ಲ’ ಎನ್ನದೆ ಯಾವ ಆಟವೂ ನಡೆಯುವುದಿಲ್ಲ ಎಂದು ನಕ್ಕರು.

ಇನ್ನು ಅವರ ತಂದೆ ಗುತ್ತೆಪ್ಪನವರ ವಿಷಯ ಹೇಳಬೇಕು. ಹಗಲು ಹತ್ತಿ ಹೊಲ, ಸುಗ್ಗಿ ಮುಗಿದ ಮೇಲೆ ದೊಡ್ಡಾಟ. ಅವರದು ಒಂದೇ ಪಾತ್ರ, ಗುಡುಗಾಸುರ. ಆ ಆಟವನ್ನು ಅವರ ಮೇಳದವರೇ ಕಟ್ಟಿದ್ದು. ಸೋಮಭೂಪನೆಂಬ ರಾಜನಿಗೂ ಗುಡುಗಾಸುರನಿಗೂ ನಡೆಯುವ ಕಾಳಗ. ದೊಡ್ಡಾಟದಲ್ಲಿ ಯಾರು ರಂಗಕ್ಕೆ ಬಂದರೂ ಮೊದಲು ಸಾರಥಿ ಎದುರಾಗಿ “ತಾವು ದಾರು?” ಎಂದು ಹೆಸರು ಕೇಳಬೇಕು. ಆ ಪ್ರಶ್ನೆಗೆ ಗುತ್ತೆಪ್ಪನವರು ಗೆಜ್ಜೆಗಾಲು ಅಪ್ಪಳಿಸಿ ತಮ್ಮ ಹೆಸರು ಹೇಳಿದರೆ ಹಿಂದಿನ ಸಾಲಿನಲ್ಲಿ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವಂತೆ. ಸಾರಥಿಯ ಪಾತ್ರ ಯಾವಾಗಲೂ ಅವರ ಗೆಳೆಯ ಯಲ್ಲಪ್ಪನದು. ಕೊನೆಗೆ ಸೋಮಭೂಪ ಗುಡುಗಾಸುರನನ್ನು ಕೊಲ್ಲುತ್ತಾನೆ, ಜನ ಸೀಟಿ ಹೊಡೆಯುತ್ತಾರೆ. ಮರುದಿನ ಶಾಲೆಯಲ್ಲಿ ಹುಡುಗ ಉಳವಪ್ಪನಿಗೆ ಗೆಳೆಯರು ಸುದ್ದಿ ಮುಟ್ಟಿಸುತ್ತಿದ್ದರು, ನಿಮ್ಮಪ್ಪ ನಿನ್ನೆ ಮತ್ತೆ ಸತ್ತ ಎಂದು.

ಕಂಪ್ಯೂಟರ್ ಬರುವ ಹಿಂದಿನ ವರ್ಷ, ತಾಲೀಮಿನಲ್ಲಿ ಗೆಜ್ಜೆ ಕಟ್ಟಿಕೊಂಡಿದ್ದಾಗಲೇ ಗುತ್ತೆಪ್ಪನವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಾಯಿ ಸೊಟ್ಟಾಯಿತು. ತಲೆ ಮಾತ್ರ ಸ್ವಚ್ಛವಾಗಿತ್ತು. ಅವರ ತೊದಲು ತಿಳಿಯುತ್ತಿದ್ದುದು ಮಗನಿಗೆ ಮತ್ತು ಯಲ್ಲಪ್ಪನಿಗೆ ಮಾತ್ರ. ಊರು ನಡುಗಿಸಿದ ಗಂಟಲು ನೀರು ಕೇಳಲೂ ಒದ್ದಾಡುವುದನ್ನು ಮನೆಯಲ್ಲಿ ದಿನಾ ಕೇಳುವುದು ಎಂಥ ಹಿಂಸೆ ಎಂಬುದನ್ನು ಮಾಸ್ತರರು ಬಾಯಿಬಿಟ್ಟು ಹೇಳಿದವರಲ್ಲ. ಅವರು ಒಳಗೊಳಗೇ ಬೇಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬಾಯಿ ಹೋದರೇನು, ಎಡಗೈಯ ಬೆರಳು ಇದೆಯಲ್ಲ ಎಂದು ಅವರಿಗೆ ಹೊಳೆದದ್ದು ಆ ಪೆಟ್ಟಿಗೆ ಬಂದ ಮೇಲೆ.

ಹಾಗೆ ಆಟ ಶುರುವಾಯಿತು. ಪೆಟ್ಟಿಗೆ ಹಚ್ಚಿ, ಆಟ ತುಂಬಿಟ್ಟ ಕ್ಯಾಸೆಟ್ ಕಿರ್‌ಗುಟ್ಟಿ ಮುಗಿದ ಮೇಲೆ ತೆರೆಯ ಮೇಲೆ ಮೂಡುವುದು ಸಾರಥಿಯ ಪ್ರಶ್ನೆಯೇ, ತಾವು ದಾರು? ಆಡುವವರು ಸೋಮಭೂಪ ಎಂದು ಒತ್ತಬೇಕು. ಆಗ ಸಾರಥಿ ಜೊತೆಯಾಗುತ್ತಾನೆ. ಮದಗದ ಕೆರೆ ದಾಟಿ, ಹಂಸಭಾವಿಯ ಮುಳ್ಳುಕಂಟಿ ಹೊಕ್ಕು, ಗುಡುಗಾಸುರನ ಗವಿಗೆ ಹೋಗಬೇಕು. ಬೇರೆ ಯಾವ ಹೆಸರು ಒತ್ತಿದರೂ ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎಂದು ಬಂದು, ಮತ್ತೆ ಮೊದಲಿನ ಪ್ರಶ್ನೆ. ಮಕ್ಕಳಿಗೆ ಈ ಸಾಲೇ ದೊಡ್ಡ ಮೋಜು. ಖಾದರಸಾಬ ಎಂದು ಒತ್ತಿ, ಉತ್ತರ ಓದಿ, ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದವು. ಖಾದರಸಾಬರೂ ಒಮ್ಮೆ ತಾವೇ ಒತ್ತಿ ನೋಡಿ ನಕ್ಕರು.

ಮೊದಮೊದಲು ಆಟ ಸಪ್ಪೆಯಾಗಿತ್ತು. ಹೆಜ್ಜೆಗೊಂದು ಬಂಗಾರದ ಕತ್ತಿ, ತಿರುವಿಗೊಂದು ರತ್ನದ ಹಾರ. ಇಷ್ಟೆಲ್ಲ ಕತ್ತಿ ಯಾಕೆ ಎಂದು ಮಕ್ಕಳೇ ಕೇಳಿದವು. ಮಾಸ್ತರರು ಮನೆಗೆ ಹೋಗಿ ಆಟದ ಹೆಸರು ಎತ್ತದೆ, ಬರೀ ಕಥೆ ಎಂದು ತಂದೆಗೆ ಹೇಳುತ್ತಿದ್ದರು. ತಂದೆ ತೊದಲುತ್ತ ತಿದ್ದುತ್ತಿದ್ದರು. ಕೈತುಂಬ ಇದ್ದವನಿಗೆ ಇನ್ನೊಂದು ಕೊಟ್ಟರೆ ಏನು ಖುಷಿ, ಮೊದಲು ಅವನಿಗೆ ಚಳಿ ಹತ್ತಲಿ, ಆಮೇಲೆ ಒಂದು ಹರಕು ಕಂಬಳಿ ಸಿಗಲಿ ಎಂದರಂತೆ. ಕತ್ತಿಗಳೆಲ್ಲ ಹೋದವು. ಕೆರೆಯ ದಂಡೆಯ ಕುರುಬನೊಬ್ಬ ಕಂಬಳಿ ಕೊಡುವಂತಾಯಿತು. ಚಳಿ ಮುಗಿದ ಮೇಲೆ ಅರ್ಧ ಮಕ್ಕಳು ಅದನ್ನು ಬಿಸಾಕಿದವು. ಮುಂದೆ ಮುಳ್ಳುಕಂಟಿಯ ಮೇಲೆ ಹಾಸಿ ದಾಟಲು ಕಂಬಳಿಯೇ ಬೇಕು ಎಂದು ತಿಳಿದಾಗ ಆ ಕೋಣೆಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ವರ್ಗದ ಪಾಠ ನಿಂತಿತು.

ಸಾರಥಿಯದೂ ಹಾಗೇ ಆಯಿತು. ಮೊದಲು ಅವನು ಎಲ್ಲ ಬಲ್ಲವನಾಗಿದ್ದ, ಕೇಳಿದ್ದಕ್ಕೆಲ್ಲ ದಾರಿ ತೋರಿಸುತ್ತಿದ್ದ. ಗಂಟೆ ಹೊಡೆಯುವ ಮೊದಲೇ ಆಟ ಮುಗಿಯುತ್ತಿತ್ತು. ಸಾರಥಿ ಹೇಳುವವನಾಗಬಾರದು, ಕೇಳುವವನಾಗಬೇಕು ಎಂದರಂತೆ ಗುತ್ತೆಪ್ಪನವರು. ಬೈದರೆ ಬಿಟ್ಟು ಹೋಗುವಂಥವನೂ ಆಗಿರಬೇಕು. ಒಮ್ಮೆ ತಾವು ಸಿಟ್ಟಿನಲ್ಲಿ ಏನೋ ಅಂದಾಗ ಯಲ್ಲಪ್ಪ ಆಟದ ನಡುವೆಯೇ ರಂಗ ಇಳಿದು ಮನೆಗೆ ಹೋಗಿದ್ದನಂತೆ. ಮಾಸ್ತರರು ಅದನ್ನೂ ಆಟಕ್ಕೆ ತಂದರು. ಸಾರಥಿಗೆ ಕೆಟ್ಟ ಮಾತು ಒತ್ತಿದರೆ ಅವನು ಹೊರಟು ಹೋಗುತ್ತಿದ್ದ. ಆಮೇಲೆ ತೆರೆಯ ಮೇಲೆ ಪ್ರಶ್ನೆಯೇ ಇಲ್ಲ, ರಾಜ ಒಬ್ಬನೇ. ಹಾಗೆ ಒಂಟಿಯಾದ ಎಂಟನೆಯ ವರ್ಗದ ಹುಡುಗಿಯೊಬ್ಬಳು ಸಾರಥಿಯನ್ನು ವಾಪಸು ಕರೆಯಿರಿ ಎಂದು ನನ್ನ ಸೆರಗು ಹಿಡಿದು ಅತ್ತಳು.

ಖಳನ ಬಗ್ಗೆ ಮಾತ್ರ ಮಾಸ್ತರರು ತಂದೆಯನ್ನು ಏನೂ ಕೇಳಲಿಲ್ಲ. ಅವರ ಗುಡುಗಾಸುರ ಗವಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ರಾಜ ಹೋಗಿ ಗದೆ ಎತ್ತಿದರೆ ಮುಗಿಯಿತು. ‘ಸತ್ತ’ ಎಂದು ಬರೆಯಲು ಒತ್ತಕ್ಷರ ಇರಲಿಲ್ಲ; ‘ಗುಡುಗಾಸುರ ಈಗ ಇಲ್ಲ’ ಎಂದು ಬರುತ್ತಿತ್ತು. ಅದಾದ ಮೇಲೆ ಪಟ್ಟಾಭಿಷೇಕ. ಕಿರೀಟಕ್ಕೆ, ಸಿಂಹಾಸನಕ್ಕೆ ಅವರು ಪಟ್ಟ ಕಷ್ಟ ನೋಡಬೇಕಿತ್ತು. ರಕ್ಕಸ ಯಾಕೆ ಇಷ್ಟು ಬಡಕಲು ಎಂದು ಕೇಳಿದೆ.

“ನಮ್ಮಪ್ಪ ವರ್ಷಾ ವರ್ಷಾ ಸಾಯೋದ ನೋಡೇನ್ರಿ ಬಾಯಾರ,” ಎಂದರು. “ಒಮ್ಮೆರ ಗೆಲ್ಲಲಿ.”

ಎಷ್ಟು ಒಳ್ಳೆಯ ಮಗ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ, ಅದೇ ಸಂಕಟ.

ಎಂಬತ್ತೆಂಟರ ಏಪ್ರಿಲ್. ಪರೀಕ್ಷೆ ಮುಗಿದು, ಶಾಲೆ ಬೇಸಿಗೆ ಸೂಟಿಗೆ ಮುಚ್ಚುವ ದಿನ. ಮುಚ್ಚಿದ ಮೇಲೆ ಕೋಣೆಗೆ ಸರಕಾರಿ ಮೊಹರು ಬೀಳುತ್ತಿತ್ತು, ಜೂನ್ ತನಕ ನಮ್ಮ ಕೀಲಿಗಳಿಗೆ ಕೆಲಸವಿಲ್ಲ. ಆ ದಿನ ಮಾಸ್ತರರು ತಂದೆಯನ್ನು ಚಕ್ಕಡಿಯಲ್ಲಿ ಕರೆತಂದರು. ಗುತ್ತೆಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರುಮಾಲು ಸುತ್ತಿಕೊಂಡಿದ್ದರು. ಚಪ್ಪಲಿ ಬಿಡಿಸಿ, ರಟ್ಟೆ ಹಿಡಿದು ಒಳಗೆ ತಂದು ಕುರ್ಚಿಯಲ್ಲಿ ಕೂರಿಸಿದೆವು. ಕ್ಯಾಸೆಟ್ ಮುಗಿಯಿತು. ತೆರೆಯ ಮೇಲೆ ಪ್ರಶ್ನೆ ಬಂತು.

ಅವರು ಅದನ್ನು ಓದಿದರು. ತೂಗಿಬಿದ್ದಿದ್ದ ಮುಖ ಒಮ್ಮೆಲೇ ನೆಟ್ಟಗಾದ ಹಾಗೆ ನನಗೆ ಕಂಡಿತು. ಕುರ್ಚಿಯಲ್ಲೇ ಬೆನ್ನು ಸೆಟೆಯಿತು, ಎಡಗಾಲು ನೆಲವನ್ನು ತಟ್ಟಿತು. ಮಗ ಬಗ್ಗಿ, ಸೋಮಭೂಪ ಎಂದು ಒತ್ತಬೇಕು ಎನ್ನುವಷ್ಟರಲ್ಲಿ ಅವರು ಒತ್ತಲು ಶುರು ಮಾಡಿಬಿಟ್ಟಿದ್ದರು. ಇಂಥ ಪ್ರಶ್ನೆಗೆ ಏನು ಹೇಳಬೇಕು ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೆರಳು ಅಕ್ಷರ ಹುಡುಕುತ್ತಿತ್ತು. ಗು. ಡು. ಮಾಸ್ತರರ ಮುಖ ಬಿಳುಚಿತು. ತಡೆಯಲು ಕೈ ಮುಂದೆ ಹೋಯಿತು, ತಡೆಯಲಾಗಲಿಲ್ಲ. ಗುಡುಗಾಸುರ ಎಂದು ಪೂರ್ತಿ ಒತ್ತಿ ಗುತ್ತೆಪ್ಪನವರು ಎದೆ ಉಬ್ಬಿಸಿ ಕಾದರು.

ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಅವರು ನಿಧಾನವಾಗಿ ತುಟಿ ಆಡಿಸುತ್ತ ಓದಿಕೊಂಡರು. ಮತ್ತೊಮ್ಮೆ ಓದಿದರು. ಆಮೇಲೆ ಮಗನ ಕಡೆ ತಿರುಗಿ ಏನೋ ಅಂದರು. ಆ ಒಂದು ಮಾತು ನನಗೂ ತಿಳಿಯಿತು.

“ನಾ ಇಲ್ಲಂತಲ್ಲೋ.”

ಮಾಸ್ತರರು ಗಾಬರಿಬಿದ್ದು ಏನೇನೋ ಹೇಳಿದರು. ನೀನು ರಾಜ ಅಪ್ಪಾ, ಈ ಸಲ ನೀನೇ ರಾಜ, ಆ ಹೆಸರು ಒತ್ತು ಎಂದರು. ತಂದೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡವರು ಮತ್ತೆ ಎತ್ತಲಿಲ್ಲ. ಆಗಾದರೂ ನಿಲ್ಲಿಸಬಾರದೇ? ಗೆಲುವು ಒಮ್ಮೆ ಕಂಡರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡರೋ ಏನೋ, ತಾವೇ ಸೋಮಭೂಪ ಎಂದು ಒತ್ತಿ, ಕೆರೆ, ಕಂಬಳಿ, ಮುಳ್ಳುಕಂಟಿ ಎಲ್ಲ ಓಡಿಸಿಕೊಂಡು ಗವಿಗೆ ಹೋದರು. ತಂದೆಯ ಮುಂದೆಯೇ ಗದೆ ಎತ್ತಿದರು. ಗುಡುಗಾಸುರ ಈಗ ಇಲ್ಲ ಎಂದು ಬಂತು. ಅದರ ಹಿಂದೆ ಕಿರೀಟ ಬಂತು, ಸಿಂಹಾಸನ ಬಂತು. ಗುತ್ತೆಪ್ಪನವರು ನಡುವೆ ಒಂದು ಸಣ್ಣ ಪ್ರಶ್ನೆ ಕೇಳಿದರು, ನನಗೆ ತಿಳಿಯಲಿಲ್ಲ. ಆಮೇಲೆ ಅವರು ತೆರೆಯ ಕಡೆ ನೋಡಲೂ ಇಲ್ಲ.

ತಂದೆಯನ್ನು ಚಕ್ಕಡಿ ಹತ್ತಿಸಿ ಬಂದ ಮೇಲೆ ಮಾಸ್ತರರು ಗೋಡೆಗೆ ಒರಗಿ ನಿಂತರು.

“ನಾ ಒಂದ ಹೊಡ್ತಕ್ಕ ಸತ್ತೇನು ಅಂತ ಅಪ್ಪ ಕೇಳಿದ್ನರಿ,” ಎಂದರು.

ದೊಡ್ಡಾಟದಲ್ಲಿ ಗುಡುಗಾಸುರ ಸಾಯಲು ಬಹಳ ಹೊತ್ತು ಹಿಡಿಯುತ್ತಿತ್ತಂತೆ. ಬಿದ್ದು, ಎದ್ದು, ಹಾಡಿ, ಕೊಂದ ರಾಜನನ್ನೇ ಹರಸಿ ಕಣ್ಣು ಮುಚ್ಚುತ್ತಿದ್ದನಂತೆ. ಸೀಟಿ ಹೊಡೆದ ಜನರೇ ಆಗ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಮಗನಿಗೆ ನೆನಪಿದ್ದುದು ಸೀಟಿ ಮಾತ್ರ. ಪ್ರತಿವರ್ಷ ಸಾಯುವುದೇ ಆ ಮನುಷ್ಯನ ಗೆಲುವಾಗಿತ್ತು ಎಂದು ನಮ್ಮಿಬ್ಬರಿಗೂ ಅರ್ಥವಾದಾಗ ಜವಾನ ಮೊಹರು ಹಾಕಲು ಅರಗು ಕಾಯಿಸುತ್ತಿದ್ದ. ಒಂದು ಸಾಲು ತಿದ್ದುತ್ತೇನೆ, ಒಂದು ಹೆಸರು ಸೇರಿಸುತ್ತೇನೆ ಎಂದು ಮಾಸ್ತರರು ಖಾದರಸಾಬರಿಗೆ ಕೈಮುಗಿದರು. ಅವರಿಗೂ ಮರುಕ ಬಂತು, ಆದರೆ ತಾಲೂಕಿನಿಂದ ಬಂದಿದ್ದ ಗುಮಾಸ್ತ ಹಿರೇಕೆರೂರಿನ ಬಸ್ಸಿಗೆ ಹೊತ್ತಾಯಿತೆಂದು ಕಾಯಲು ಒಪ್ಪಲಿಲ್ಲ. ಜೂನಿನಲ್ಲಿ ಮಾಡಿದರಾಯಿತು ಎಂದರು ಖಾದರಸಾಬರು.

ಮೇ ತಿಂಗಳಲ್ಲಿ ಗುತ್ತೆಪ್ಪನವರು ತೀರಿಕೊಂಡರು. ಆ ದಿನದ ನಂತರ ಮಗ ಎಷ್ಟು ಕಥೆ ಹೇಳಿದರೂ ಅವರು ಒಂದನ್ನೂ ತಿದ್ದಲಿಲ್ಲವಂತೆ.

ಜೂನಿನಲ್ಲಿ ಶಾಲೆ ತೆರೆಯಿತು, ಮೊಹರು ಒಡೆಯಿತು. ಮಾಸ್ತರರು ಕೋಣೆಗೆ ಹೋಗದೆ ದಿನ ದೂಡುತ್ತಿದ್ದರು. ಹೀಗಿರುವಾಗ ಯಲ್ಲಪ್ಪ ಕೋಲೂರಿಕೊಂಡು ಬಂದ. ಗುತ್ತೆಪ್ಪ ಕಂಪ್ಯೂಟರಿನಲ್ಲಿ ಪಾತ್ರ ಮಾಡಿದ ಎಂಬ ಸುದ್ದಿ ಯಾರೋ ಅವನಿಗೆ ಮುಟ್ಟಿಸಿದ್ದರು.

“ಅಂವ ಇದರಾಗ ಬರ್ತಾನಂತಲ್ಲ ತಮ್ಮಾ,” ಎಂದ. “ಒಮ್ಮೆ ಕರಿ, ನೋಡ್ತೇನಿ.”

ಪೆಟ್ಟಿಗೆ ಕೆಟ್ಟಿದೆ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮಾಸ್ತರರು ಅಂಥ ಸುಳ್ಳು ಕಲಿತವರಲ್ಲ. ಆಟ ಹಚ್ಚಿದರು. ಯಲ್ಲಪ್ಪನಿಗೆ ಓದಲು ಬರುತ್ತಿರಲಿಲ್ಲ. ಅದು ಏನು ಕೇಳುತ್ತದೆ ಎಂದು ಅವನೇ ಕೇಳಿದ. ನೀನು ಕೇಳುತ್ತಿದ್ದದ್ದೇ ಎಂದರು ಮಾಸ್ತರರು. ಮುದುಕನಿಗೆ ಖುಷಿಯಾಯಿತು. ಕೋಲನ್ನು ಗೋಡೆಗೆ ಆನಿಸಿ, ರುಮಾಲು ಸರಿಮಾಡಿಕೊಂಡು, ತೆರೆಯ ಮುಂದೆ ನಿಂತು ರಂಗದ ದನಿಯಲ್ಲಿ ಕೇಳಿದ.

“ತಾವು ದಾರು?”

ಮಾಸ್ತರರು ಗುಡುಗಾಸುರ ಎಂದು ಒತ್ತಿದರು. ಸಾಲು ಬಂತು.

“ಏನಂತೈತಿ?” ಎಂದು ಯಲ್ಲಪ್ಪ ಕೇಳಿದ.

ತಾವೇ ಚುಕ್ಕಿ ಇಟ್ಟು ಬರೆದ ಆ ಸಾಲನ್ನು ಮಾಸ್ತರರು ಗಟ್ಟಿಯಾಗಿ ಓದಿದರು. “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.”

ಯಲ್ಲಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಹಂಗಾರ ಇದಕ್ಕೂ ಸುದ್ದಿ ಮುಟ್ಟೇತಿ,” ಎಂದ. ಪೆಟ್ಟಿಗೆಗೆ ಕೈಮುಗಿದು, ಮಾಸ್ತರರ ಬೆನ್ನು ಸವರಿ, ಕೋಲು ಹಿಡಿದು ಹೊರಟುಹೋದ.

ತೆರೆಯ ಮೇಲೆ ಮತ್ತೆ ಮೊದಲಿನ ಪ್ರಶ್ನೆ ಬಂದು ನಿಂತಿತ್ತು. ಉಳವಪ್ಪ ಮಾಸ್ತರರು ಅದರ ಮುಂದೆ ಕೂತೇ ಇದ್ದರು. ಗಂಟೆ ಹೊಡೆಯಿತು, ಅವರ ವರ್ಗದ ಮಕ್ಕಳು ಬಾಗಿಲಿಗೆ ಬಂದು ಇಣುಕಿ ಹೋದವು, ಅವರು ಏಳಲಿಲ್ಲ. ಕೊನೆಗೆ ನಾನೇ ಹೋಗಿ ಪೆಟ್ಟಿಗೆ ಆರಿಸಿದೆ.