ಏಳು ಮಂದಿ ಎಡಚರು

ಆಂಟ್‌ವರ್ಪ್ ಪಟ್ಟಣದ ಗೊಮ್ಮಾರ್ ಮೇಸ್ತ್ರಿಯ ಚಿತ್ರಶಾಲೆಯಲ್ಲಿ ಬೆಟ್ಟ, ಮರ, ಮೋಡ ಬರೆಯುವುದೆಲ್ಲ ಮೇಸ್ತ್ರಿ. ಅವುಗಳ ನಡುವೆ ದುಡಿಯುವ, ಕುಡಿಯುವ, ಬೇಲಿಯ ಮರೆಯಲ್ಲಿ ಉಚ್ಚೆ ಹೊಯ್ಯುವ ಬೆರಳುದ್ದದ ಹಳ್ಳಿಗರು ಮಾತ್ರ ಕೂಲಿ ಚಿತ್ರಕಾರ ಲೀವೆನ್‌ನ ಪಾಲು. ಈ ದಿನಗೂಲಿ ಅವನಿಗೆ ದಕ್ಕಿದ್ದು ಒಂದು ಸುಳ್ಳಿನಿಂದ. ರೈತನ ಮಗ, ಹುಲ್ಲಿನ ಮೇಲೇ ಹುಟ್ಟಿದವನು ಎಂದು ಹೇಳಿಕೊಂಡಿದ್ದ. ಹುಟ್ಟಿದ್ದು ಪೇಟೆಯಲ್ಲಿ, ಟೋಪಿ ಹೊಲಿಯುವವನ ಅಟ್ಟದ ಮೇಲೆ. ಹಸು ಎದುರಾದರೆ ದಾರಿ ಬಿಟ್ಟು ನಿಲ್ಲುವ ಪೈಕಿ. ಇಂಥವನ ಕುಂಚದಡಿ ಎರಡು ವರ್ಷದಿಂದ ಬ್ರಬಾಂಟ್ ಸೀಮೆಯ ರೈತರೆಲ್ಲ ಉಳುತ್ತಿದ್ದರು, ಬಿತ್ತುತ್ತಿದ್ದರು. ಯಾರಾದರೂ ಹಳ್ಳಿಯ ಮಾತೆತ್ತಿದರೆ ಸಾಕು, ಕುಂಚ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

ಆ ಶುಕ್ರವಾರ ನದಿಯಾಚೆಯ ಹಳ್ಳಿಯಿಂದ ಬೆಣ್ಣೆ ತರುವ ಮಾಖ್ತೆಲ್ಡ್ ಚಿತ್ರದ ಮುಂದೆ ಬುಟ್ಟಿಯಿಳಿಸಿ ನಿಂತಳು. ಹುಲ್ಲುಗಾವಲು, ಉದ್ದ ಹಿಡಿಯ ಕುಡುಗೋಲು ಬೀಸುತ್ತಿರುವ ಏಳು ಜನ.

“ಯಾವೂರಪ್ಪಾ ಇದು? ಏಳಕ್ಕೆ ಏಳೂ ಎಡಚರು!”

ಲೀವೆನ್ ಹಳೆಯ ಅಚ್ಚಿನ ಚಿತ್ರವೊಂದನ್ನು ಗೆರೆಗೆ ಗೆರೆ ನಕಲಿಸಿದ್ದ. ತಾಮ್ರದ ತಗಡಿನಲ್ಲಿ ಕೊರೆದ ಬಲಗೈ ಕಾಗದಕ್ಕೆ ಇಳಿಯುವಾಗ ಎಡಗೈಯಾಗುತ್ತದೆ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

“ಎಡಚರಾದ್ರೆ ತಪ್ಪೇನಮ್ಮಾ?” ಎಂದ, ಧೈರ್ಯ ಸಾಲದ್ದಕ್ಕೆ ದನಿ ಏರಿಸಿ.

“ತಪ್ಪೇನಿಲ್ಲ ಕಣೋ. ನಮ್ಮ ಕಮ್ಮಾರ ಹುಟ್ಟಿದಾಗಿನಿಂದ ಅಂಥ ಎಡಗೈ ಕುಡುಗೋಲು ಒಂದೂ ಮಾಡಿಲ್ಲ, ಅಷ್ಟೆ. ನೀನು ಯಾವ ರೈತನ ಮಗನೋ, ಅವನ ಹುಲ್ಲು ಇನ್ನೂ ನಿಂತೇ ಇರಬೇಕು!”

ಪಕ್ಕದಲ್ಲಿ ಮೋಡ ಬರೆಯುತ್ತಿದ್ದ ಮೇಸ್ತ್ರಿ ಕುಂಚ ಕೆಳಗಿಟ್ಟ. “ಲೀವೆನ್, ನಿಜ ಹೇಳು. ಕುಡುಗೋಲು ಹಿಡಿದಿದ್ದೀಯಾ?”

“ರೊಟ್ಟಿ ಕೊಯ್ಯೋ ಚಾಕು ಹಿಡಿದಿದ್ದೀನಿ, ಮೇಸ್ತ್ರಿ.”

“ಹಾಗಾದ್ರೆ ಇವಳ ಬಂಡಿ ಹತ್ತು. ಎಂಟು ದಿನ ಕೊಟ್ಟೆ. ಹುಲ್ಲು ಕೊಯ್ಯೋ ಏಳು ಜನಾನ ಬರ್ಕೊಂಡು ಬಾ. ಆಗ್ಲಿಲ್ವಾ, ಬರಲೇಬೇಡ.”

ಹಳ್ಳಿಯಲ್ಲಿ ಮರದಡಿ ಕೂತು ಬರೆದರಾಯಿತು ಎಂದುಕೊಂಡಿದ್ದ ಲೀವೆನ್. “ಕೂತು ನೋಡೋನಿಗೆ ನಮ್ಮಲ್ಲಿ ಗಂಜಿ ಇಲ್ಲ” ಎಂದಳು ಮಾಖ್ತೆಲ್ಡ್. ಕೊಯ್ಯುವವರ ಸಾಲಿನ ಕೊನೆಯಲ್ಲಿ ಅವನನ್ನು ನಿಲ್ಲಿಸಿದರು. ಮೊದಲ ಬೀಸಿಗೇ ಅಲಗು ನೆಲಕ್ಕೆ ನಾಟಿತು. ಎರಡನೆಯದಕ್ಕೆ ಅವನ ಮುಂದೆ ಕೊಯ್ಯುತ್ತಿದ್ದ ರೊಂಬೌಟ್ ಎಂಬವನು ಎಗರಿ ಪಕ್ಕಕ್ಕೆ ಸರಿದ. “ಸ್ವಾಮೀ, ಹುಲ್ಲು ಕೆಳಗಿದೆ! ಈ ಹಿಮ್ಮಡಿ ನನ್ನ ಹೆಂಡ್ತಿಗೆ ಬೇಕು, ಬಿಟ್ಬಿಡಿ.”

ಜನ ಕೊಯ್ಯುವಾಗ ಅವನ ಕೈಯಲ್ಲೂ ಕುಡುಗೋಲು; ಅವನ ಕೈಗೆ ಇದ್ದಿಲು ಬರುವ ಹೊತ್ತಿಗೆ ಅವರೆಲ್ಲ ಬಾಯಿ ತೆರೆದು ನಿದ್ದೆ. ಬೊಬ್ಬೆಯೆದ್ದ ಬೆರಳು ಮಡಚುತ್ತಿರಲಿಲ್ಲ. ಇದ್ದಿಲನ್ನು ಮುಷ್ಟಿಯಲ್ಲಿ ಹಿಡಿದು, ಸೊಂಟ ಎಲ್ಲಿ ತಿರುಗಿತ್ತು, ಯಾವ ಕಾಲು ಮುಂದಿತ್ತು ಎಂದು ತನ್ನ ನೋವನ್ನೇ ಕೇಳಿ ಕೇಳಿ ಬರೆದ. ಐದನೆಯ ದಿನಕ್ಕೆ ಹಾಳೆಯ ಮೇಲೆ ಮೂರು ಜನರಾದರು. ಆರನೆಯ ದಿನ ಇಬ್ಬರನ್ನು ಅಳಿಸಿಹಾಕಿದ. ಮಾರನೆಯ ದಿನ ಗಂಜಿಯ ಹೊತ್ತಲ್ಲೂ ಬರೆಯುತ್ತ ಕೂತ, ಆರು ಜನರಾದರು. ಕೊನೆಯ ದಿನ ಬಂಡಿಗೆ ಕುದುರೆ ಹೂಡುತ್ತಿದ್ದಾಗ ಏಳನೆಯವನೂ ಹಾಳೆಗೆ ಇಳಿದ.

ಚಿತ್ರಶಾಲೆಯಲ್ಲಿ ಮೇಸ್ತ್ರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. “ಇವರಿಗೆಲ್ಲ ಮುಖ ಎಲ್ಲಯ್ಯಾ?”

“ನಾನು ಸಾಲಿನ ಕೊನೇಲಿದ್ದೆ, ಮೇಸ್ತ್ರಿ. ಕಂಡಿದ್ದು ಬೆನ್ನುಗಳೇ.”

ಮೇಸ್ತ್ರಿ ಹಾಳೆಯನ್ನು ಹುಲ್ಲುಗಾವಲಿನ ಚಿತ್ರದ ಪಕ್ಕಕ್ಕೆ ಸಿಕ್ಕಿಸಿದ. ಆಮೇಲೆ ಬಣ್ಣ ಕೆರೆಯುವ ಅಲಗನ್ನು ಅವನತ್ತ ಚಾಚಿ, “ಆ ಎಡಚರನ್ನ ಕೆರೆದು ತೆಗಿ. ಆ ಜಾಗದಲ್ಲಿ ಇವರು ನಿಲ್ಲಲಿ” ಎಂದ.