ಬಂದವರಿಗೆ ಕಾಫಿ ಕೊಟ್ಟ ತಪ್ಪಿಗೆ

ನನ್ನ ಎಡಗಾಲಿನ ಬಗ್ಗೆ ಈಗ ನನಗಿಂತ ಸರ್ಕಾರಕ್ಕೆ ಹೆಚ್ಚು ಗೊತ್ತು. ಮಗುವಾಗಿದ್ದಾಗ ಪೋಲಿಯೊ ಬಂದು ಸೊರಗಿದ ಕಾಲು ಅದು. ಅದರ ಉದ್ದ, ಸುತ್ತಳತೆ, ಎಲ್ಲಿಯವರೆಗೆ ಮಡಚುತ್ತದೆ, ಎಲ್ಲಿ ಮುಷ್ಕರ ಹೂಡುತ್ತದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಹೆಣ್ಣು ಕೊಡುವ ಮುಂಚೆ ನಮ್ಮ ಮಾವನವರು ಕೂಡ ಇಷ್ಟು ವಿಚಾರಿಸಿರಲಿಲ್ಲ.

ಇಷ್ಟಕ್ಕೂ ಕಾರಣ ಒಂದು ಸ್ಕೂಟರ್. ನಾನು ಕಳಸದ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್. ಕಾದಂಬರಿ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ತೋಟದ ಆಫೀಸು ನಮ್ಮ ಮನೆಯ ಪಕ್ಕದಲ್ಲೇ ಇದ್ದಷ್ಟು ದಿನ ಊರುಗೋಲು ಸಾಕಾಗಿತ್ತು. ಈಚೆಗೆ ಸಾಹುಕಾರರು ಅದನ್ನು ಗುಡ್ಡದ ಮೇಲಿನ ಹೊಸ ಕಟ್ಟಡಕ್ಕೆ ಸಾಗಿಸಿದರು. "ಕೊಯ್ಲು ಶುರುವಾಗೋ ತನಕ ನೋಡ್ತೀನಿ. ಹತ್ತಿ ಬರಕ್ಕಾಗ್ದಿದ್ರೆ ಬೇರೆಯವ್ರನ್ನ ಹಾಕ್ಬೇಕಾಗ್ತದೆ, ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರು ಮಾಡಿಕೊಳ್ಳದೆ ನಾನು ಅಂಗವಿಕಲರಿಗೆ ಸರ್ಕಾರ ಕೊಡುವ, ಪಕ್ಕದಲ್ಲಿ ಎರಡು ಗಾಲಿ ಹೆಚ್ಚಿಗೆ ಇರುವ ಸ್ಕೂಟರಿಗೆ ಅರ್ಜಿ ಹಾಕಿದೆ.

ಕಾಲು ಕಾಣುವಂಥ ಫೋಟೊ ಬೇಕೆಂದರು. ಸ್ಟುಡಿಯೊದ ರಫೀಕ ನನ್ನ ಮದುವೆಯಿಂದ ಹಿಡಿದು ಈವರೆಗೂ ಕಾಲು ಕಾಣದಂತೆ ಜಾಣತನದಿಂದ ಫೋಟೊ ತೆಗೆದವನು. ಈ ಸಲ ಅವನೇ ಪ್ಯಾಂಟು ಮೇಲಕ್ಕೆ ಮಡಚಿಸಿ, "ನಗಬೇಡಿ ರೈಟ್ರೇ, ನಕ್ರೆ ಸ್ಯಾಂಕ್ಷನ್ ಆಗಲ್ಲ" ಎಂದ. ಆಮೇಲೆ ಮೂಡಿಗೆರೆಯ ಕಚೇರಿಯಲ್ಲಿ ಗಾಜಿನಾಚೆಯ ಗುಮಾಸ್ತರು, "ಸ್ನಾನ ನೀವೇ ಮಾಡ್ತೀರಾ? ಕಕ್ಕಸಿಗೆ ಯಾರಾದ್ರೂ ಹಿಡ್ಕೊಂಡು ಹೋಗ್ಬೇಕಾ?" ಎಂದು ಇಡೀ ಸಾಲಿಗೆ ಕೇಳಿಸುವಂತೆ ವಿಚಾರಿಸಿದರು. ಹಿಂದೆ ನಿಂತಿದ್ದ ನಮ್ಮೂರ ಹೆಂಗಸೊಬ್ಬರು ನನ್ನ ಉತ್ತರಕ್ಕೆ ಕತ್ತು ಚಾಚಿದ್ದರು. "ಎಲ್ಲ ನಾನೇ ಮಾಡ್ಕೊಳ್ತೀನಿ" ಎಂದು ಅವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದೆ. ವೈಯಕ್ತಿಕ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂಬ ಬೋರ್ಡು ಗುಮಾಸ್ತರ ತಲೆಯ ಮೇಲೆಯೇ ತೂಗುತ್ತಿತ್ತು.

ಆಗ ನನಗೆ ನೆನಪಾದವರು ಬಾಬಾಬುಡನ್‌ಗಿರಿಯ ಸಂತರು. ಅರಬರ ನಾಡಿನಿಂದ ಕಾಫಿ ಬೀಜವನ್ನು ಮೈಮೇಲೆ ಬಚ್ಚಿಟ್ಟುಕೊಂಡು ತಂದವರು ಅವರಂತೆ. ಬಂದರಿನಲ್ಲಿ ಯಾರೂ ಅವರ ಕೈಗೆ ಅರ್ಜಿ ಫಾರಂ ಕೊಟ್ಟು, ಮೈಮೇಲಿರುವುದನ್ನೆಲ್ಲ ಬಿಡದೆ ತುಂಬಿ ಎನ್ನಲಿಲ್ಲ. ಅಂದಿದ್ದರೆ ನಾವು ಇವತ್ತಿಗೂ ಬೆಲ್ಲದ ನೀರು ಕುಡಿದುಕೊಂಡೇ ಇರುತ್ತಿದ್ದೆವು.

ಕೊನೆಗೆ ಮನೆ ತನಿಖೆಗೆ ಒಬ್ಬ ತರುಣ ಅಧಿಕಾರಿ ಬಂದರು. ಬಯಲುಸೀಮೆಯವರು, ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಸವಳಿದಿದ್ದರು. ನನ್ನ ಹೆಂಡತಿ ಸುಮಿತ್ರ ಅಂಗನವಾಡಿಯ ಕೆಲಸಕ್ಕೆ ಹೋಗಿದ್ದಳು. ಮನೆಗೆ ಬಂದವರನ್ನು ಬರಿಬಾಯಿಯಲ್ಲಿ ಕಳಿಸುವುದುಂಟೆ? ಒಲೆಕಟ್ಟೆ ಹಿಡಿದುಕೊಂಡು ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿ, ಗೋಡೆಗೆ ಆತುಕೊಂಡು ಬಂದು, ಒಂದು ಹನಿ ಚೆಲ್ಲದೆ ಲೋಟ ಅವರ ಕೈಗಿಟ್ಟೆ. "ಬಹಳ ತೊಂದ್ರೆ ಇದೆಯಾ?" ಎಂದರು. "ಎಂತದೂ ಇಲ್ಲ ಮಾರಾಯ್ರೆ, ಹೀಗೇ ಆಗ್ತದೆ" ಎಂದೆ. ಬಂದವರ ಮುಂದೆ ಕಷ್ಟ ತೋಡಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಅವರು ಕಾಫಿಯನ್ನು ಮನಸಾರೆ ಹೊಗಳಿ ಹೋದರು.

ತಿಂಗಳು ಕಳೆದ ಮೇಲೆ ಉತ್ತರ ಬಂತು. ಅರ್ಜಿದಾರರು ಯಾರ ನೆರವೂ ಇಲ್ಲದೆ ಓಡಾಡಿ ಅಡುಗೆ ಮಾಡಬಲ್ಲವರಾದ್ದರಿಂದ ವಾಹನದ ಅಗತ್ಯ ಕಂಡುಬಂದಿಲ್ಲವಂತೆ. ಒಲೆಯ ಹತ್ತಿರ ಹೋಗುವುದಕ್ಕೆ ನಾನು ಸ್ಕೂಟರ್ ಕೇಳಿದ್ದೆ ಎಂದು ಅವರು ತಿಳಿದಿದ್ದರೋ ಏನೋ. ಸುಮಿತ್ರ ತಲೆ ಚಚ್ಚಿಕೊಂಡಳು. "ಇಷ್ಟು ವರ್ಷದಲ್ಲಿ ನಂಗೊಂದು ಲೋಟ ಕಾಫಿ ಮಾಡಿಕೊಟ್ಟವ್ರಲ್ಲ. ಆ ಪುಣ್ಯಾತ್ಮನಿಗೇ ಮಾಡಿಕೊಡ್ಬೇಕಿತ್ತಾ ನೀವು?"

ಮರುತನಿಖೆಗೆ ಬರೆದುಕೊಂಡೆ. ಹಣ್ಣು ಕೆಂಪಗಾಗುತ್ತ ಬಂದಾಗ, ಕೊಯ್ಲಿಗೆ ಇನ್ನೇನು ಆಳು ಕರೆಯಬೇಕು ಎನ್ನುವಾಗ, ಹಿರಿಯ ಮಹಿಳಾ ಅಧಿಕಾರಿಯೊಬ್ಬರು ಬರುತ್ತಾರೆಂದು ಫೋನು ಬಂತು. "ಕುರ್ಚಿ ಬಿಟ್ಟು ಏಳ್ಬೇಡಿ. ಕಾಫಿ ಅಂತ ಬಾಯೂ ಬಿಡ್ಬೇಡಿ" ಎಂದು ಕಟ್ಟಪ್ಪಣೆ ಮಾಡಿ ಸುಮಿತ್ರ ಕೆಲಸಕ್ಕೆ ಹೋದಳು.

ಅಧಿಕಾರಿ ಬಂದರು. ನಾನು ಎದ್ದೇಳಲಿಲ್ಲ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಬಚ್ಚಲಲ್ಲಿ ಜಾರಿ ಬಿದ್ದದ್ದು, ಅಂದಿನಿಂದ ದಿನಾ ಬೆಳಿಗ್ಗೆ ಸುಮಿತ್ರ ತೋಳು ಹಿಡಿದು ಕರೆದೊಯ್ಯುವುದು, ಚಳಿಗಾಲದಲ್ಲಿ ನೋವು ತಡೆಯಲಾರದೆ ನಾನು ಅಳುವುದು. ಎಲ್ಲ ನಿಜವೇ, ಅವಳೊಬ್ಬಳಿಗೆ ಬಿಟ್ಟು ಯಾರಿಗೂ ಹೇಳದ ನಿಜ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ನನಗೇನೂ ಆಗಲಿಲ್ಲ. ಬರೀ ನಾಚಿಕೆಯಾಯಿತು.

ಆಕೆ ಬರೆದು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಒಂದ್ ಲೋಟ ನೀರು ಸಿಗುತ್ತಾ?" ಎಂದರು.

ನನ್ನ ಕೈ ತಾನಾಗಿಯೇ ಊರುಗೋಲಿನ ಕಡೆ ಹೋಯಿತು. ಕೈಯನ್ನು ಹಿಂದಕ್ಕೆಳೆದುಕೊಂಡು, "ಒಳಗಿದೆ, ನೀವೇ ತಗೊಳ್ಳಿ" ಎಂದೆ.

ಸ್ಕೂಟರ್ ಬಂತು. ಕೆಲಸ ಉಳಿಯಿತು. ಗುಡ್ಡ ಹತ್ತುವಾಗ ಆಳುಗಳು ದಾರಿ ಬಿಟ್ಟು ನಿಂತು ನಗುತ್ತಾರೆ, ನಾನೂ ಹಾರ್ನ್ ಹೊಡೆಯುತ್ತೇನೆ. ನಾನೆಷ್ಟು ಅಂಗವಿಕಲ ಎಂದು ಡಾಕ್ಟರು ಶೇಕಡಾ ಲೆಕ್ಕದಲ್ಲಿ ಬರೆದುಕೊಟ್ಟಿದ್ದಾರೆ, ಅದು ಅವರ ಲೆಕ್ಕ. ನನ್ನನ್ನು ಕೇಳಿದರೆ, ಮನೆಗೆ ಬಂದ ಹಿರಿಯ ಹೆಂಗಸು ತಾನೇ ಒಳಗೆ ಹೋಗಿ ನೀರು ಬಗ್ಗಿಸಿಕೊಂಡು, ಕುಡಿದು, ಲೋಟ ತೊಳೆದಿಟ್ಟು ಬರುವವರೆಗೆ ಕುರ್ಚಿಯಲ್ಲಿ ಕೂತೇ ಇದ್ದೆನಲ್ಲ, ಹುಟ್ಟಿದಾಗಿನಿಂದ ನಾನು ಕುಂಟನಾಗಿದ್ದು ಅಷ್ಟು ಹೊತ್ತು ಮಾತ್ರ.